ಇಂಟರ್‌ನೆಟ್ ಫೋನಿಗೆ ದೊಡ್ಡ ಪ್ಲಾನ್ ಬೇಕೇ?

ಮನೆಗೆ ಫೈಬರ್ ಎಳೆಸಿ, ಅದರ ಪೆಟ್ಟಿಗೆಗೆ ಲ್ಯಾಂಡ್‌ಲೈನ್ ಫೋನ್ ಸಿಕ್ಕಿಸಿದ ಬಹಳ ಮಂದಿಗೆ ಒಂದು ನಂಬಿಕೆ: ಮಾತು ಕಡಿದು ಕಡಿದು ಬಂದರೆ ನೆಟ್ ಸ್ಪೀಡ್ ಸಾಲುತ್ತಿಲ್ಲ, ದೊಡ್ಡ ಪ್ಲಾನ್ ಹಾಕಿಸಬೇಕು. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಫೋನ್ ಕರೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಜಿ.711 ಪದ್ಧತಿಯಲ್ಲಿ ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್ ಸಾಕು. ಅದನ್ನು 20 ಮಿಲಿಸೆಕೆಂಡಿನ ತುಣುಕುಗಳಾಗಿ ಕಳಿಸುವಾಗ ಪ್ರತಿ ತುಣುಕಿಗೂ ಅಂಟಿಸುವ ವಿಳಾಸ ಸೇರಿದರೆ ಸುಮಾರು 80 ಆಗುತ್ತದೆ. ಒಂದು ತಾಸು ಹರಟಿದರೂ ಹೋಗುವುದು ಬರುವುದು ಎರಡೂ ಸೇರಿ 72 ಎಂಬಿ. 30 ಎಂಬಿಪಿಎಸ್‌ನ ಅಗ್ಗದ ಪ್ಲಾನಿನಲ್ಲೂ ಇದು ಲೆಕ್ಕಕ್ಕೇ ಬಾರದ ಬಾಬತ್ತು.

ಕರೆಯನ್ನು ಕೆಡಿಸುವುದು ತಡ, ಅದಕ್ಕಿಂತ ಹೆಚ್ಚಾಗಿ ತಡದ ಏರುಪೇರು. ಸಿನಿಮಾವನ್ನಾದರೆ ಮುಂದಿನ ದೃಶ್ಯದವರೆಗೆ ಇಳಿಸಿಟ್ಟುಕೊಳ್ಳಬಹುದು. ಇನ್ನೂ ಆಡದ ಮಾತನ್ನು ಇಳಿಸಿಕೊಳ್ಳುವುದು ಹೇಗೆ? ಅದಕ್ಕೇ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡಿನೊಳಗೆ ಇದ್ದರೆ ಒಳ್ಳೆಯದು ಎನ್ನುತ್ತದೆ. ‘ಪ್ಲಾನ್ ಏರಿಸಿದ ಮೇಲೆ ನಮ್ಮಲ್ಲಿ ಸರಿಹೋಯಿತಲ್ಲ’ ಎನ್ನುವವರಿದ್ದಾರೆ. ಅದೂ ಸುಳ್ಳಲ್ಲ. ಮನೆಯ ಮೊಬೈಲುಗಳೆಲ್ಲ ಒಟ್ಟಿಗೆ ಫೋಟೊ ಬ್ಯಾಕಪ್‌ಗೆ ಇಳಿದರೆ ಅಪ್‌ಲೋಡ್ ದಾರಿ ತುಂಬಿ, ಮಾತಿನ ತುಣುಕುಗಳು ಅವುಗಳ ಹಿಂದೆ ಸರದಿಯಲ್ಲಿ ನಿಲ್ಲುತ್ತವೆ; ದೊಡ್ಡ ಪ್ಲಾನ್ ಆ ದಾರಿಯನ್ನು ಅಗಲ ಮಾಡುತ್ತದೆ. ಆದರೆ ರೌಟರ್‌ನ ಕ್ಯೂಓಎಸ್ ಸೆಟ್ಟಿಂಗಿನಲ್ಲಿ ಧ್ವನಿಗೆ ಮೊದಲ ಆದ್ಯತೆ ಕೊಟ್ಟರೆ ಅದೇ ಗುಣ ಕಾಸಿಲ್ಲದೆ ಸಿಗುತ್ತದೆ. ಫೈಬರ್ ಕಂಪನಿಯದೇ ಫೋನ್ ಸೇವೆಗಾದರೆ ಸಾಮಾನ್ಯವಾಗಿ ಫೈಬರಿನೊಳಗೇ ಪ್ರತ್ಯೇಕ ಹಾದಿ ಇರುತ್ತದೆ, ಈ ಸರದಿಯ ಕಾಟ ಕಡಿಮೆ. ಆ್ಯಪ್‌ನಲ್ಲಿ ಮಾತಾಡುವವರಿಗೆ ಎಷ್ಟೋ ಸಲ ತೊಂದರೆ ಕೊಡುವುದು ಎರಡು ಗೋಡೆ ದಾಟಿ ಬರುವ ವೈಫೈ. ರೌಟರನ್ನು ಟಿವಿ ಸ್ಟ್ಯಾಂಡಿನ ಹಿಂದಿನಿಂದ ಹೊರಗೆ ತಂದು ನೋಡಿ, ಪ್ಲಾನಿನ ಮಾತು ಆಮೇಲೆ.

ಸ್ಪೀಡಿನ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವವರು ಕರೆಂಟಿನ ಬಗ್ಗೆ ಯೋಚಿಸುವುದೇ ಇಲ್ಲ. ‘ಕರೆಂಟ್ ಹೋದರೂ ಲ್ಯಾಂಡ್‌ಲೈನ್ ನಡೆಯುತ್ತದೆ’ ಎಂಬುದು ತಾಮ್ರದ ತಂತಿಯ ಕಾಲದ ಸತ್ಯ. ಆಗ ಎಕ್ಸ್‌ಚೇಂಜಿನ ಬ್ಯಾಟರಿಯೇ ಅದೇ ತಂತಿಯಲ್ಲಿ 48 ವೋಲ್ಟ್ ಕಳಿಸುತ್ತಿತ್ತು. ಫೈಬರ್ ಗಾಜಿನ ಎಳೆ, ಬೆಳಕನ್ನಷ್ಟೇ ಒಯ್ಯುತ್ತದೆ. ಮನೆಯ ಪೆಟ್ಟಿಗೆ ಆರಿದರೆ ಫೋನೂ ಆರಿತು. ಮೊಬೈಲ್ ಇದೆಯಲ್ಲ ಎನ್ನಬಹುದು, ಆದರೆ ಒಳಕೋಣೆಯಲ್ಲಿ ಸಿಗ್ನಲ್ ಸಿಗದ ಮನೆಯ ವೃದ್ಧರಿಗೆ 112ಕ್ಕೆ ಕರೆ ಮಾಡಲು ಇರುವುದು ಇದೊಂದೇ ದಾರಿ. ತಾಮ್ರದ ಫೋನ್ ಜಾಲವನ್ನು 2027ರ ಜನವರಿಯೊಳಗೆ ಮುಚ್ಚಲು ಹೊರಟಿರುವ ಬ್ರಿಟನ್ನಿನಲ್ಲಿ, ಲ್ಯಾಂಡ್‌ಲೈನನ್ನೇ ನಂಬಿದವರು ಕರೆಂಟ್ ಹೋದಾಗಲೂ ಕನಿಷ್ಠ ಒಂದು ತಾಸು ತುರ್ತು ಕರೆ ಮಾಡುವಂತಿರಬೇಕು ಎಂದು ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಕಂಪನಿಗಳಿಗೆ ಹೇಳಿದೆ. ನಮ್ಮಲ್ಲಿ ರೌಟರಿಗೆಂದೇ ಬರುವ ಮಿನಿ ಯುಪಿಎಸ್ ಈ ಕೆಲಸ ಮಾಡುತ್ತದೆ. ಕೊಳ್ಳುವ ಮುಂಚೆ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿಕೊಳ್ಳಬೇಕು. ಕಾರ್ಡ್‌ಲೆಸ್ ಫೋನಾದರೆ ಅದರ ಬೇಸಿಗೂ ಕರೆಂಟ್ ಬೇಕು. ನಡುದಾರಿಯಲ್ಲಿ ಬೆಳಕನ್ನು ಮನೆಮನೆಗೆ ಹಂಚುವ ಫೈಬರ್ ಸ್ಪ್ಲಿಟರಿಗೆ ವಿದ್ಯುತ್ತೇ ಬೇಡ, ಆದರೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯವರೆಗೆ ಮಾತ್ರ ಫೈಬರ್ ತಂದು ಅಲ್ಲಿಂದ ಸ್ವಿಚ್ ಇಟ್ಟು ಲೈನ್ ಹಂಚಿದ್ದರೆ ಆ ಸ್ವಿಚ್ಚಿಗೆ ಜನರೇಟರ್ ಲೈನ್ ಇದೆಯೇ ಎಂದು ಕನೆಕ್ಷನ್ ಕೊಡಲು ಬಂದವರನ್ನು ಕೇಳಿಕೊಳ್ಳುವುದು ಒಳ್ಳೆಯದು.