ವಚನ ಓದಲಿ ಯಂತ್ರ, ತಿದ್ದದಿರಲಿ

ಬೀದರ್ ಜಿಲ್ಲೆಯ ಹುಮನಾಬಾದಿಗೆ ಅಂಟಿಕೊಂಡಂತಿರುವ ಮಾಣಿಕನಗರದಲ್ಲಿ ಮಾಣಿಕಪ್ರಭು ಸಂಸ್ಥಾನ ಅಂಧ ಮಕ್ಕಳ ಶಾಲೆ ನಡೆಸುತ್ತದೆ. ಅಲ್ಲಿಂದ ಸೊಲ್ಲಾಪುರದ ದಿಕ್ಕಿಗೆ ಹೊರಟರೆ ಹೆದ್ದಾರಿಯಿಂದ ತುಸು ಒಳಗೆ ಬಸವಕಲ್ಯಾಣ, ಶರಣರ ಊರು. ಅಂಥ ಶಾಲೆಯ ಮಗುವಿಗೆ ಶರಣರ ವಚನಗಳನ್ನು ಯಾರ ಹಂಗೂ ಇಲ್ಲದೆ ಓದುವ ಆಸೆಯಾದರೆ? ಅಚ್ಚಾದ ಕನ್ನಡ ಪುಸ್ತಕಗಳು ರಾಶಿ ಇವೆ, ಬ್ರೈಲ್‌ಗೆ ಇಳಿದವು ಕಡಿಮೆ. ವಿಶೇಷ ಶಿಕ್ಷಣದಲ್ಲಿ ಕೃತಕ ಬುದ್ಧಿಮತ್ತೆಗೆ ಮೊದಲ ಕೆಲಸ ಇರುವುದು ಇಲ್ಲಿ. ಚಾಟ್‌ಬಾಟ್‌ಗಳ ಗದ್ದಲ ಆಮೇಲಿನದು.

ಕನ್ನಡದ ಪುಟ ಓದುವುದು ಯಂತ್ರಕ್ಕೆ ಸಲೀಸಲ್ಲ. ಅಕ್ಷರದ ಬುಡದಲ್ಲಿ ಒತ್ತು, ತಲೆಯ ಮೇಲೆ ಗುಣಿತದ ಗುಡಿಸು; ಎಲ್ಲಿ ಬಿಡಿಸಬೇಕು, ಯಾವುದನ್ನು ಯಾವುದಕ್ಕೆ ಸೇರಿಸಬೇಕು ಎಂಬುದೇ ಗೋಜಲು. (ಬ್ರೈಲ್‌ನ ಆರು ಚುಕ್ಕಿಗಳಲ್ಲಿ ಈ ತಾಪತ್ರಯವಿಲ್ಲ, ಒತ್ತಕ್ಷರವೂ ಸಾಲಿನಲ್ಲೇ ಬರುತ್ತದೆ.) ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಜಿ. ರಾಮಕೃಷ್ಣನ್ ಮತ್ತು ಎಚ್.ಆರ್. ಶಿವಕುಮಾರ್ ಇದಕ್ಕಾಗಿಯೇ ‘ಲಿಪಿ ಜ್ಞಾನಿ’ ತಂತ್ರಾಂಶ ರೂಪಿಸಿದರು. ಅದನ್ನು ಕಲಿಸಿ ಪರೀಕ್ಷಿಸಲು ಬಳಸಿದ್ದು 1970ರಿಂದ 2002ರ ನಡುವೆ ಅಚ್ಚಾದ 35ಕ್ಕೂ ಹೆಚ್ಚು ಪುಸ್ತಕಗಳ ಪುಟಗಳನ್ನು. ಅವುಗಳಲ್ಲಿ ಹಳಗನ್ನಡವೂ ಇತ್ತು, ಕನ್ನಡ ಲಿಪಿಯ ಸಂಸ್ಕೃತ ಶ್ಲೋಕಗಳೂ ಇದ್ದವು. ಇಂಥದೇ ಪದ ಇರಬೇಕೆಂಬ ಕಟ್ಟುಪಾಡು ಅದಕ್ಕಿಲ್ಲ.

ವಚನದ ಓದುಗರಿಗೆ ಇದು ದೊಡ್ಡ ಅನುಕೂಲ. ಇಂದಿನ ನಿಘಂಟಿಗೆ ಜೋತುಬಿದ್ದ ತಂತ್ರಾಂಶ ಹನ್ನೆರಡನೇ ಶತಮಾನದ ಪದವನ್ನು ತಪ್ಪೆಂದು ಬಗೆದು ತಿದ್ದಿಬಿಡಬಹುದು. ಕಣ್ಣಿದ್ದವರು ಪುಟ ನೋಡಿ ನಗುತ್ತಾರೆ. ಕೇಳಿ ಓದುವ ಮಗು ಅದನ್ನೇ ನಂಬುತ್ತದೆ.

ಪುಟ ಪಠ್ಯವಾದ ಮೇಲೆ ಕೆಲಸ ಹಗುರ. ಆಸ್ಟ್ರೇಲಿಯಾದ ಅಂಧ ಯುವಕ ಮೈಕೆಲ್ ಕರನ್ 2006ರಲ್ಲಿ ಶುರುಮಾಡಿದ, ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ‘ಎನ್‌ವಿಡಿಎ’ ಉಚಿತ. ಪಠ್ಯವನ್ನು ಮಾತಾಗಿಸುವ ‘ಇ-ಸ್ಪೀಕ್’ ಜೊತೆಗೂಡಿ ಅದು ಕನ್ನಡವನ್ನೂ ಓದುತ್ತದೆ. ದನಿ ಒರಟು ನಿಜ, ಆದರೆ ವೇಗ ಏರಿಸಿ ಕೇಳುವವರಿಗೆ ಒಗ್ಗಿಹೋಗಿದೆ.

ಚಿತ್ರಗಳ ಮಾತು ಬೇರೆ. 2023ರಿಂದ ‘ಬಿ ಮೈ ಐಸ್’ ಆ್ಯಪ್ ಕೃತಕ ಬುದ್ಧಿಮತ್ತೆಯಿಂದ ಫೋಟೊ ವಿವರಿಸುತ್ತಿದೆ. ಆದರೆ ಪಾಠದ ಹೃದಯದ ಚಿತ್ರ ವಿವರಿಸುವಾಗ ಎಡಬಲ ಅದಲುಬದಲಾದರೆ ಹಿಡಿಯುವವರು ಯಾರು? ಪಕ್ಕದಲ್ಲಿ ಮೇಷ್ಟ್ರು ಇರಲೇಬೇಕು, ಬೆರಳಿಗೆ ಸಿಗುವ ಉಬ್ಬುಚಿತ್ರವೂ ಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ; ಅಂಧತ್ವ ಅವುಗಳಲ್ಲಿ ಒಂದು ಮಾತ್ರ. ಕಿವಿ ಕೇಳದ ಮಗುವಿಗೆ ಬೇಕಿರುವುದು ಮಾತನ್ನು ಬರಹವಾಗಿಸುವ ತಂತ್ರಾಂಶ. ಬೀದರ್ ಸೀಮೆಯಲ್ಲಿ ಕನ್ನಡದೊಳಗೆ ಮರಾಠಿ, ದಖ್ಖನಿ ಉರ್ದು ಬೆರೆತಿವೆ. ಬೆಂಗಳೂರು, ಮೈಸೂರಿನ ದನಿಯಷ್ಟನ್ನೇ ಕೇಳಿ ಕಲಿತ ಯಂತ್ರ ‘ಏನ್ ಮಾಡ್ಲತ್ತಿ’ ಎಂದರೆ ತಡವರಿಸುವುದು ಸಹಜ. ಈ ಭಾಗದ ದನಿಗಳನ್ನು ಒಪ್ಪಿಗೆ ಪಡೆದು ದಾಖಲಿಸಿ ಯಂತ್ರಕ್ಕೆ ಕಲಿಸುವುದೊಂದೇ ದಾರಿ. ಅದಕ್ಕೆ ಖರ್ಚಿದೆ, ಅದನ್ನು ಭರಿಸಲು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೇನೋ ಕಲಬುರಗಿಯಲ್ಲೇ ಇದೆ.