ಮಿರಗ ತಪ್ಪಿದರೆ ಯಾವ ಕಾಳು?

ಜೂನ್ ಬಂತೆಂದರೆ ಕಲಬುರಗಿ ಸೀಮೆಯ ಎರೆ ಹೊಲಗಳಲ್ಲಿ ರೈತರು ಮುಷ್ಟಿ ಮಣ್ಣು ಹಿಡಿದು ಅದುಮಿ ನೋಡುತ್ತಾರೆ. ಉಂಡೆ ಕಟ್ಟಿದರೆ ಹದ. ಪುಡಿಯಾಗಿ ಉದುರಿದರೆ ಇನ್ನೊಂದು ಮಳೆಗೆ ಕಾಯಬೇಕು. ಕೈಗೆ ಮೆತ್ತಿಕೊಂಡರೆ ಕೂರಿಗೆ ಹೂಡುವಂತಿಲ್ಲ. ಹೆಸರು, ಉದ್ದು, ತೊಗರಿಯ ಬೀಜದ ಚೀಲಗಳು ಪಡಸಾಲೆಯಲ್ಲಿ ಸಾಲಾಗಿ ಕುಳಿತಿರುತ್ತವೆ. ಯಾವುದರ ಬಾಯಿ ಬಿಚ್ಚಬೇಕೆಂದು ಹೇಳುವುದು ಮಳೆ ಬಂದ ತಾರೀಖು.

“ಮಿರಗ ಹೋತು, ಆರಿದ್ರಾನೂ ಹೊಂಟದ. ಇನ್ನ ಹೆಸರ ಬಿತ್ತಿದ್ರ ಏನ್ ಬರ್ತದ?”

ಕಟ್ಟೆಯ ಮೇಲಿನ ಈ ಮಾತಿನ ಹಿಂದೆ ದಿನಗಳ ಲೆಕ್ಕವಿದೆ. ಹೆಸರು 60–70 ದಿನದ ಬೆಳೆ. ಮಿರಗಕ್ಕೆ, ಅಂದರೆ ಮೃಗಶಿರಾ ಮಳೆಗೆ ಬಿತ್ತಿದರೆ ಆಗಸ್ಟ್ ಮುಗಿಯುವಷ್ಟರಲ್ಲಿ ಹೊಲ ಖಾಲಿ. ಅದೇ ನೆಲವನ್ನು ಹರಗಿ ಹಿಂಗಾರಿಗೆ ಜೋಳ ಅಥವಾ ಕಡಲೆ ಹಾಕಬಹುದು. ಗದಗ, ಧಾರವಾಡದ ಎರೆ ನೆಲದಲ್ಲಿ ಈ ಜೋಡಿಯೇ ವರ್ಷದ ಆಧಾರ. ಬಿತ್ತಿಗೆ ಜುಲೈ ನಡುವಿಗೆ ಜಾರಿತೋ, ಕಾಯಿ ಬಿಡಿಸುವ ಹೊತ್ತು ಹಿಂಗಾರಿಗೆ ಹೊಲ ಹಸನು ಮಾಡುವ ಹೊತ್ತನ್ನು ನುಂಗುತ್ತದೆ. ಜೊತೆಗೆ ಬೂದಿ ರೋಗದ ಕಾಟ.

ಆಗ ಕಣ್ಣು ಹೋಗುವುದು ತೊಗರಿಯ ಮೇಲೆ. ತಾಯಿಬೇರು ಆಳಕ್ಕಿಳಿಯುವುದರಿಂದ ನಡುವೆ ಎರಡು ಮೂರು ವಾರ ಮಳೆ ಕೈಕೊಟ್ಟರೂ ಗಿಡ ತಾಳುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿಗೆ ಹೆಸರೂ ಇದೆ, ಪೇಟೆಯೂ ಇದೆ. ಆದರೆ ಅದು ಡಿಸೆಂಬರ್, ಜನವರಿವರೆಗೂ ಹೊಲ ಬಿಡುವುದಿಲ್ಲ. ತೊಗರಿ ಬಿತ್ತಿದ ನೆಲದಲ್ಲಿ ಹಿಂಗಾರಿಯ ಕಡಲೆ ಇಲ್ಲ. ಮೇಲಾಗಿ ಅದು ಹೂ ಬಿಡುವುದು ಮಳೆ ಹಿಂದೆ ಸರಿದ ಮೇಲೆ. ನೆಲ ತೆಳುವಾಗಿದ್ದರೆ ಹೂ ಉದುರಿ ಬರೀ ಕಟ್ಟಿಗೆ ಉಳಿಯುತ್ತದೆ. ಅಂಥ ಕಡೆ ಬೇಗ ಬರುವ ಟಿಎಸ್-3ಆರ್ ತಳಿಯೇ ವಾಸಿ. ಬೆಲೆಯ ಆಸೆಗೆ ವರ್ಷವರ್ಷವೂ ಅದೇ ಹೊಲಕ್ಕೆ ತೊಗರಿ ಹಾಕಿದರೆ ಏನಾಗುತ್ತದೆಂದು 2022ರಲ್ಲಿ ಕಲಬುರಗಿ ನೋಡಿದೆ: ನೆಟೆ ರೋಗ ಹೊಕ್ಕು ಕಾಯಿಗಟ್ಟಿದ ಗಿಡಗಳು ನಿಂತಲ್ಲೇ ಒಣಗಿದವು. ತೊಗರಿಯ ಸಾಲುಗಳ ನಡುವೆ ಹೆಸರನ್ನೋ ಸಜ್ಜೆಯನ್ನೋ ಹಾಕುವ ಹಿರಿಯರ ರೂಢಿಗೆ ಈ ಭಯವೂ ಒಂದು ಕಾರಣ.

ಮರುವರ್ಷ ಮಳೆಯೇ ಇಲ್ಲ. 2023ರ ಆಗಸ್ಟ್ ಒಣಗಿಹೋಯಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಇಂಥ ವರ್ಷ ಮುಂಗಾರಿ ಕಳೆದುಕೊಂಡವರ ಕೊನೆಯ ಆಸೆ ಕಡಲೆ. ಉತ್ತರಾ, ಹಸ್ತ ಮಳೆಗಳಲ್ಲಿ ಒಂದು ಸರಿಯಾಗಿ ಸುರಿದರೂ ಸಾಕು, ಎರೆ ಮಣ್ಣು ಹಿಡಿದಿಟ್ಟ ಹಸಿಯಲ್ಲೇ ಜೆಜಿ-11 ನೂರು ದಿನದೊಳಗೆ ಕೈಗೆ ಬರುತ್ತದೆ. ತಿಂಗಳ ಪೈರಿನ ಕುಡಿಯನ್ನು ಹೆಂಗಸರು ಚಿವುಟುತ್ತ ಸಾಗಿದರೆ ಗಿಡ ಟಿಸಿಲೊಡೆಯುತ್ತದೆ, ಉಡಿಯಲ್ಲಿ ರೊಟ್ಟಿಗೆ ಪಲ್ಯ ತುಂಬುತ್ತದೆ. ಎಲೆಯ ಹುಳಿ ಬೆರಳ ಸಂದಿಗೆ ಹತ್ತಿ ಚುರುಗುಟ್ಟುತ್ತದೆ.

ಆದರೆ ಕಡಲೆಗೆ ಎರೆಯೇ ಬೇಕು. ಮಸಾರಿ ನೆಲದವರಿಗೆ ಉಳಿಯುವುದು ಹುರುಳಿ, ಮಡಿಕೆ. ಸೆಪ್ಟೆಂಬರ್‌ನಲ್ಲಿ ಬಿತ್ತಿದರೂ ಹುರುಳಿ ಬೇಸರಿಸುವುದಿಲ್ಲ. ಬಳ್ಳಿ ಹಬ್ಬಿ ನೆಲ ಮುಚ್ಚಿ ಹಸಿ ಕಾಯುತ್ತದೆ. ಕಾಳು ಮನೆಗೆ, ಹೊಟ್ಟು ಎತ್ತಿಗೆ. ಅದಕ್ಕೆ ತೊಗರಿಯ ದರವಿಲ್ಲ, ತೊಗರಿಯಷ್ಟು ಖರ್ಚೂ ಇಲ್ಲ.

ಕಳೆದ ವರ್ಷದ ದರ ತೋರಿಸಿ ‘ಇದನ್ನೇ ಬಿತ್ತು’ ಎನ್ನುವವರು ಪೇಟೆಯಲ್ಲಿ ಬೇಕಾದಷ್ಟಿದ್ದಾರೆ. ಈ ವರ್ಷದ ಹಸಿ ಎಷ್ಟು ದಿನ ಬಾಳೀತೆಂಬುದು ಮಾತ್ರ ಹೊಲದವನಿಗೇ ಗೊತ್ತು. ಅದಕ್ಕೇ ಮನೆಯ ಬೀಜ ಇಟ್ಟುಕೊಂಡವರು ಬಿತ್ತುವ ಹಿಂದಿನ ಸಂಜೆಯವರೆಗೂ ಅದಕ್ಕೆ ಔಷಧ ಸವರುವುದಿಲ್ಲ. ಮಿರಗ ತಪ್ಪಿದರೆ ಆ ಹೆಸರು ಮನೆಯ ಬ್ಯಾಳಿಯಾದರೂ ಆದೀತು.