ಉಪ್ಪುನೀರಿನ ಒಡಲಲ್ಲಿ ಜೀವಲೋಕ

ಸಮುದ್ರವನ್ನು ಕಣ್ಣಾರೆ ಕಾಣದೆ ಬಾಳು ಸವೆಸಿದವರು ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಆದರೆ ಉಪ್ಪನ್ನುಣ್ಣದವರು ಒಬ್ಬರೂ ಇಲ್ಲ. ಮುಂಗಾರಿನ ಮೋಡಕ್ಕಾಗಿ ಮುಗಿಲ ಕಡೆಗೆ ನೋಡದ ರೈತನೂ ಇಲ್ಲ. ಊಟದ ರುಚಿಯೂ ಹೊಲದ ಬೆಳೆಯೂ ಕಡಲಿಗೆ ಋಣಿಯಾಗಿವೆ. ಹೀಗಿದ್ದರೂ ಆ ಕಡಲಿನ ಬಗೆಗೆ ನಾವು ತಿಳಿದಿರುವುದು ಅತ್ಯಲ್ಪ.

ಕೆಲವು ವರ್ಷಗಳ ಹಿಂದೆ ನಾವು ಮನೆಮಂದಿಯೊಡನೆ ಗೋಕರ್ಣಕ್ಕೆ ಹೋಗಿದ್ದೆವು. ದರ್ಶನ ಮುಗಿಸಿ ದಂಡೆಗೆ ಬಂದಾಗ ಮೊಮ್ಮಗಳು ಬೊಗಸೆಯಲ್ಲಿ ನೀರೆತ್ತಿ ನಾಲಗೆಗೆ ತಾಗಿಸಿಕೊಂಡಳು. ಮುಖ ಕಿವುಚಿ, "ಅಜ್ಜಾ, ಇದರಾಗ ಇಷ್ಟು ಉಪ್ಪು ಯಾರು ಹಾಕ್ಯಾರ? ಈ ನೀರಿನ್ಯಾಗ ಮೀನ ಹ್ಯಾಂಗ ಬದುಕತಾವ?" ಎಂದು ಕೇಳಿದಳು. ಮೊದಲ ಪ್ರಶ್ನೆಗೆ ಹೇಗೋ ಒಂದು ಉತ್ತರ ಹೇಳಿದೆವು. ಎರಡನೆಯದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಊರಿಗೆ ಮರಳಿದ ಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ. ಈ ಎರಡು ಪ್ರಶ್ನೆಗಳು ಬೇರೆ ಬೇರೆಯಲ್ಲ, ಒಂದೇ ಎಂಬುದು ಆಗ ನಮಗೆ ಮನವರಿಕೆಯಾಯಿತು.

ಉಪ್ಪು ಬಂದ ದಾರಿ

ಭೂಮಿಯ ಮೇಲ್ಮೈಯಲ್ಲಿ ಶೇ. 71 ಭಾಗವನ್ನು ಸಮುದ್ರ ಆವರಿಸಿದೆ. ಅದರ ಸರಾಸರಿ ಆಳ ಸುಮಾರು 3,700 ಮೀಟರು. ಈ ಅಪಾರ ಜಲರಾಶಿಯ ಪ್ರತಿ ಕಿಲೋಗ್ರಾಂ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣಗಳು ಕರಗಿವೆ. ಹತ್ತು ಲೀಟರು ಹಿಡಿಯುವ ಒಂದು ಕೊಡದಲ್ಲಿ ಕಡಲ ನೀರು ತುಂಬಿ ಕಾಯಿಸಿ ಇಂಗಿಸಿದರೆ ತಳದಲ್ಲಿ ಸುಮಾರು 350 ಗ್ರಾಂ ಉಳಿಯುತ್ತದೆ.

ಈ ಲವಣ ಬಂದದ್ದು ಬಹುಮಟ್ಟಿಗೆ ಬೆಟ್ಟಗುಡ್ಡಗಳಿಂದ. ಮಳೆಹನಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲವಾಗುತ್ತದೆ. ಬಂಡೆಗಳ ಮೇಲೆ ಹರಿಯುವಾಗ ಅವುಗಳ ಖನಿಜಗಳನ್ನು ಕರಗಿಸಿಕೊಳ್ಳುತ್ತದೆ. ನದಿಗಳು ಅದನ್ನು ಕಡಲಿಗೆ ಒಯ್ಯುತ್ತವೆ. ಸೂರ್ಯನು ಶುದ್ಧ ನೀರನ್ನಷ್ಟೇ ಆವಿಯಾಗಿಸಿ ಮೇಲೆತ್ತುತ್ತಾನೆ; ಲವಣ ಅಲ್ಲೇ ಉಳಿಯುತ್ತದೆ. ಕಡಲ ತಳದ ಬಿರುಕುಗಳಿಂದ ಹೊಮ್ಮುವ ಬಿಸಿನೀರೂ ತನ್ನ ಪಾಲನ್ನು ಸೇರಿಸುತ್ತದೆ. ಕೋಟಿ ಕೋಟಿ ವರ್ಷಗಳಿಂದ ಈ ಕಾರ್ಯ ನಡೆದು ಬಂದಿದೆ.

ಆದರೆ ಇಲ್ಲೊಂದು ಸೋಜಿಗವಿದೆ. ನದಿಗಳು ತರುವ ಖನಿಜಗಳಲ್ಲಿ ಸುಣ್ಣದ ಅಂಶ ಹೆಚ್ಚು. ಕಡಲಲ್ಲಿ ಹೆಚ್ಚಾಗಿರುವುದು ಸೋಡಿಯಂ ಮತ್ತು ಕ್ಲೋರೈಡ್. ಇವೆರಡೂ ಸೇರಿ ಒಟ್ಟು ಲವಣದ ಶೇ. 85ಕ್ಕೂ ಮಿಗಿಲಾಗುತ್ತವೆ. ಹಾಗಾದರೆ ನದಿಗಳು ತಂದ ಸುಣ್ಣ ಎಲ್ಲಿಗೆ ಹೋಯಿತು? ಚಿಪ್ಪಿನ ಪ್ರಾಣಿಗಳು, ಹವಳದ ಹುಳುಗಳು, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದನ್ನು ಹೀರಿಕೊಂಡು ಚಿಪ್ಪು, ಕವಚಗಳನ್ನು ಕಟ್ಟಿಕೊಂಡವು. ಸತ್ತ ಮೇಲೆ ಆ ಚಿಪ್ಪುಗಳು ತಳ ಸೇರಿ ಸುಣ್ಣಕಲ್ಲಾದವು. ಅಂದರೆ ಕಡಲ ನೀರಿನ ಇಂದಿನ ರುಚಿಯನ್ನು ನಿರ್ಧರಿಸಿದ್ದರಲ್ಲಿ ಜೀವಿಗಳ ಪಾಲೂ ಇದೆ. ನೀರು ಜೀವಿಗಳನ್ನು ಸಾಕಿತು; ಜೀವಿಗಳು ನೀರನ್ನು ತಿದ್ದಿದವು.

ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಅಘನಾಶಿನಿಯ ಹಿನ್ನೀರಿನ ದಂಡೆಗೆ ಉಪ್ಪಿನ ಆಗರಗಳಿವೆ. ಬೇಸಿಗೆಯಲ್ಲಿ ಅಲ್ಲಿಗೆ ಹೋದವರು ರಾಸಾಯನಶಾಸ್ತ್ರದ ಒಂದು ಪಾಠವನ್ನೇ ಬಯಲಲ್ಲಿ ಕಾಣಬಹುದು. ಮಡಿಗಳಲ್ಲಿ ನಿಲ್ಲಿಸಿದ ನೀರು ಬಿಸಿಲಿಗೆ ಆರುತ್ತ ಹೋದಂತೆ ಮೊದಲು ಸುಣ್ಣ, ಅನಂತರ ಜಿಪ್ಸಂ ತಳಕ್ಕಿಳಿಯುತ್ತವೆ. ನೀರು ಹತ್ತರಲ್ಲೊಂದು ಪಾಲಿಗೆ ಇಳಿದಾಗ ಅಡುಗೆಯ ಉಪ್ಪು ಹರಳುಗಟ್ಟುತ್ತದೆ. ಕೊನೆಗುಳಿಯುವ ನೀರಿನಲ್ಲಿ ಮೆಗ್ನೀಸಿಯಂ ಲವಣಗಳಿದ್ದು ಅವು ಕಹಿ. ಆ ನೀರನ್ನು ಹೊರಗೆ ಬಿಡದಿದ್ದರೆ ಉಪ್ಪೂ ಕಹಿಯಾಗುತ್ತದೆ.

ಎಲ್ಲ ಕಡಲೂ ಒಂದೇ ಅಲ್ಲ

ಬ್ರಿಟಿಷರ 'ಚಾಲೆಂಜರ್' ಹಡಗು 1872ರಿಂದ 1876ರವರೆಗೆ ಲೋಕದ ಕಡಲುಗಳನ್ನು ಸುತ್ತಿ ನೀರಿನ ಮಾದರಿಗಳನ್ನು ತಂದಿತು. ವಿಲಿಯಂ ಡಿಟ್ಮರ್ ಎಂಬ ರಸಾಯನಶಾಸ್ತ್ರಜ್ಞ ಅಂಥ 77 ಮಾದರಿಗಳನ್ನು ಪರೀಕ್ಷಿಸಿ 1884ರಲ್ಲಿ ಫಲಿತಾಂಶ ಪ್ರಕಟಿಸಿದ. ಉಪ್ಪಿನ ಒಟ್ಟು ಪ್ರಮಾಣ ಎಡೆಯಿಂದ ಎಡೆಗೆ ಹೆಚ್ಚುಕಡಿಮೆಯಾದರೂ ಅದರಲ್ಲಿನ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಬಹುಮಟ್ಟಿಗೆ ಎಲ್ಲೆಡೆಯೂ ಒಂದೇ ಎಂಬುದು ಇದರಿಂದ ದೃಢಪಟ್ಟಿತು. ಲೋಕದ ಸಮುದ್ರಗಳೆಲ್ಲ ಕಲೆಯುತ್ತ ಬಂದ ಒಂದೇ ನೀರು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಒಟ್ಟು ಪ್ರಮಾಣದಲ್ಲಿ ಮಾತ್ರ ಅಂತರ ಬಹಳ. ಬಿಸಿಲು ಹೆಚ್ಚು, ನದಿಗಳು ಕಡಿಮೆ ಇರುವ ಕೆಂಪು ಸಮುದ್ರದಲ್ಲಿ ಕಿಲೋಗ್ರಾಂಗೆ ಸುಮಾರು 40 ಗ್ರಾಂ ಉಪ್ಪಿದೆ. ನಮ್ಮ ಅರಬ್ಬೀ ಸಮುದ್ರದ ಉತ್ತರ ಭಾಗದಲ್ಲಿ 36ಕ್ಕೂ ಹೆಚ್ಚು. ಗಂಗೆ, ಬ್ರಹ್ಮಪುತ್ರೆಗಳು ಬಂದು ಸೇರುವ ಬಂಗಾಳ ಕೊಲ್ಲಿಯ ಉತ್ತರದಲ್ಲಿ ಮಳೆಗಾಲದ ಅನಂತರ 30ಕ್ಕಿಂತಲೂ ಕಡಿಮೆ. ಯುರೋಪಿನ ಬಾಲ್ಟಿಕ್ ಸಮುದ್ರದ ಉತ್ತರ ತುದಿಯಲ್ಲಿ 5 ಗ್ರಾಂ ಕೂಡ ಇಲ್ಲ. ಅಲ್ಲಿ ಕೆರೆ ಹೊಳೆಗಳ ಮೀನುಗಳೂ ವಾಸಿಸುತ್ತವೆ. ಅಘನಾಶಿನಿಯಂಥ ಅಳಿವೆಗಳಲ್ಲಿ ಉಬ್ಬರ ಇಳಿತಗಳೊಡನೆ ನೀರಿನ ರುಚಿ ದಿನಕ್ಕೆ ಹಲವು ಬಾರಿ ಬದಲಾಗುತ್ತದೆ. ಆ ಏರಿಳಿತಕ್ಕೆ ಒಗ್ಗಿಕೊಂಡ ಕಾಂಡ್ಲಾ ಗಿಡಗಳು, ಬಳಚು ಚಿಪ್ಪುಗಳು ಅಲ್ಲಿವೆ. ಉಪ್ಪುನೀರನ್ನು ತಾಳಿಕೊಳ್ಳುವ 'ಕಗ್ಗ' ಎಂಬ ಭತ್ತವನ್ನು ಆ ದಂಡೆಯ ರೈತರು ತಲೆತಲಾಂತರದಿಂದ ಬೆಳೆದು ಬಂದಿದ್ದಾರೆ.

ಮೀನು ಬದುಕುವ ಬಗೆ

ಇನ್ನು ಮೊಮ್ಮಗಳ ಎರಡನೆಯ ಪ್ರಶ್ನೆ. ಉಪ್ಪಿನಕಾಯಿ ಹಾಕುವ ತಾಯಂದಿರಿಗೆ ಇದನ್ನು ವಿವರಿಸುವುದು ಸುಲಭ. ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಭರಣಿಯಲ್ಲಿ ನೀರು ಒಡೆದಿರುತ್ತದೆ, ಹೋಳುಗಳು ಮುರುಟಿರುತ್ತವೆ. ಉಪ್ಪು ಹೋಳಿನೊಳಗಿನ ನೀರನ್ನು ಹೊರಗೆಳೆದಿರುತ್ತದೆ. ಕಡಲ ಮೀನಿಗೂ ದಿನವಿಡೀ ಇದೇ ಅಪಾಯ. ಅದರ ಮೈಯೊಳಗಿನ ದ್ರವದಲ್ಲಿರುವ ಉಪ್ಪು ಕಡಲ ನೀರಿನ ಮೂರರಲ್ಲೊಂದು ಪಾಲು ಮಾತ್ರ. ಆದ್ದರಿಂದ ನೀರಿನಲ್ಲೇ ಇದ್ದರೂ ಅದರ ಮೈ ಎಡೆಬಿಡದೆ ಒಣಗುತ್ತಿರುತ್ತದೆ. ಮೀನು ಕಡಲ ನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರುಗಳ ಮೂಲಕ ಹೊರಗೆ ಹಾಕುತ್ತ ಬದುಕುತ್ತದೆ. ನಮ್ಮ ಮೂತ್ರಪಿಂಡಗಳಿಗೆ ಅಷ್ಟು ಉಪ್ಪನ್ನು ಹೊರಹಾಕುವ ಶಕ್ತಿಯಿಲ್ಲ. ಅದಕ್ಕೇ ಕಡಲ ನೀರು ಕುಡಿದ ಮನುಷ್ಯನ ಬಾಯಾರಿಕೆ ಇನ್ನಷ್ಟು ಹೆಚ್ಚುತ್ತದೆ.

ಶಾರ್ಕ್ ಮೀನು ಬೇರೆ ಉಪಾಯ ಹಿಡಿದಿದೆ. ರಕ್ತದಲ್ಲಿ ಯೂರಿಯಾ ಉಳಿಸಿಕೊಂಡು ಒಳಗಿನ ಸಾಂದ್ರತೆಯನ್ನು ಹೊರಗಿನ ನೀರಿಗೆ ಸರಿಗಟ್ಟಿಸಿಕೊಳ್ಳುತ್ತದೆ. ನಕ್ಷತ್ರಮೀನು, ಅಷ್ಟಪಾದಿಗಳ ಮೈಯೊಳಗಿನ ದ್ರವ ಕಡಲಷ್ಟೇ ಉಪ್ಪು. ನಮ್ಮ ಕರಾವಳಿಯ ಮರಳಿಗೆ ಮೊಟ್ಟೆಯಿಡಲು ಬರುವ ಕಡಲಾಮೆಯ ಕಣ್ಣಂಚಿನಲ್ಲಿ ನೀರು ಹನಿಯುವುದನ್ನು ಕಂಡವರು ಅದು ಪ್ರಸವವೇದನೆಯಿಂದ ಅಳುತ್ತಿದೆ ಎಂದುಕೊಳ್ಳುತ್ತಾರೆ. ವಾಸ್ತವವಾಗಿ ಅದು ಕಣ್ಣಿನ ಬಳಿಯ ಗ್ರಂಥಿ ಹೊರಹಾಕುವ ಉಪ್ಪು. ಒಂದೇ ಕಷ್ಟಕ್ಕೆ ಎಷ್ಟೊಂದು ಪರಿಹಾರಗಳು!

ಕತ್ತಲೆಯ ಲೋಕ

ಕಡಲಲ್ಲಿ ಬೆಳಕು ಬಹಳ ದೂರ ಇಳಿಯಲಾರದು. ಕೆಂಪು ಬಣ್ಣ ಮೊದಲು ಮಾಯವಾಗುತ್ತದೆ. ನೀಲಿ ಹೆಚ್ಚು ಆಳಕ್ಕೆ ಹೋಗುತ್ತದೆ. 200 ಮೀಟರಿನ ಕೆಳಗೆ ಸಸ್ಯಗಳಿಗೆ ಸಾಲುವಷ್ಟು ಬೆಳಕಿಲ್ಲ. 1,000 ಮೀಟರಿನಾಚೆ ಸೂರ್ಯನ ಸುಳಿವೇ ಇಲ್ಲ. ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡವೂ ಏರುತ್ತ ಹೋಗುತ್ತದೆ. ಆದ್ದರಿಂದ 1840ರ ದಶಕದಲ್ಲಿ ಎಡ್ವರ್ಡ್ ಫೋರ್ಬ್ಸ್ ಎಂಬ ವಿಜ್ಞಾನಿ ಸುಮಾರು 550 ಮೀಟರಿನ ಕೆಳಗೆ ಜೀವವೇ ಇರಲಾರದೆಂದು ಊಹಿಸಿದ್ದ. 'ಚಾಲೆಂಜರ್' ಹಡಗು ಅದಕ್ಕಿಂತ ಎಷ್ಟೋ ಆಳದಿಂದ ಜೀವಿಗಳನ್ನು ಮೇಲೆತ್ತಿ ಆ ಊಹೆಯನ್ನು ಸುಳ್ಳಾಗಿಸಿತು. 1960ರಲ್ಲಿ ಜಾಕ್ ಪಿಕಾರ್ ಮತ್ತು ಡಾನ್ ವಾಲ್ಷ್ ಮರಿಯಾನಾ ಕಂದಕದ ತಳವನ್ನು, ಹತ್ತು ಸಾವಿರ ಮೀಟರಿಗೂ ಮಿಗಿಲಾದ ಆಳವನ್ನು, ಮುಟ್ಟಿ ಬಂದರು.

ಆ ಆಳದ ಜೀವಿಗಳಿಗೆ ಉಸಿರಾಡಲು ಆಮ್ಲಜನಕ ಎಲ್ಲಿಂದ? ಇಲ್ಲಿಯೂ ಉಪ್ಪಿನದೇ ಕೆಲಸ. ಕಡಲ ನೀರು ಸೊನ್ನೆಗಿಂತ ಸುಮಾರು 1.9 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಧ್ರುವಗಳ ಬಳಿ ಹೀಗೆ ಹಿಮವಾಗುವಾಗ ಅದು ಉಪ್ಪನ್ನು ಹೊರಗೆ ತಳ್ಳುತ್ತದೆ. ಸುತ್ತಲ ನೀರು ತಣ್ಣಗೂ ಹೆಚ್ಚು ಉಪ್ಪಾಗಿಯೂ ಆಗಿ, ಭಾರದಿಂದ ತಳಕ್ಕಿಳಿಯುತ್ತದೆ. ಮೇಲಿನ ಗಾಳಿಯಿಂದ ಪಡೆದ ಆಮ್ಲಜನಕವನ್ನೂ ಜೊತೆಗೆ ಒಯ್ಯುತ್ತದೆ. ನೂರಾರು ವರ್ಷಗಳ ಕಾಲ ಆ ನೀರು ತಳದಲ್ಲಿ ಮೆಲ್ಲಗೆ ಹರಿಯುತ್ತದೆ.

1977ರಲ್ಲಿ ಗಲಾಪಗೋಸ್ ದ್ವೀಪಗಳ ಬಳಿ ಸುಮಾರು 2,500 ಮೀಟರ್ ಆಳದಲ್ಲಿ ಬಿಸಿನೀರಿನ ಬುಗ್ಗೆಗಳು ಕಂಡುಬಂದವು. ಅವುಗಳ ಸುತ್ತ ಬಾಯಿಯೂ ಕರುಳೂ ಇಲ್ಲದ ಉದ್ದನೆಯ ಕೊಳವೆಹುಳುಗಳು ಹಿಂಡುಹಿಂಡಾಗಿದ್ದವು. ಅವುಗಳ ಮೈಯೊಳಗಿರುವ ಬ್ಯಾಕ್ಟೀರಿಯಗಳು ಗಂಧಕದ ಅನಿಲದಿಂದ ಶಕ್ತಿ ಪಡೆದು ಆಹಾರ ತಯಾರಿಸಿ ಕೊಡುತ್ತವೆ. ಬಿಸಿಲಿನ ಬಲವಿಲ್ಲದೆಯೂ ಒಂದು ಜೀವಸಮೂಹ ಆಹಾರ ಪಡೆಯಬಲ್ಲದೆಂದು ಲೋಕ ಅಂದು ಅರಿತಿತು. ಇಂದು ವಿಜ್ಞಾನ ಗುರುತಿಸಿ ಹೆಸರಿಟ್ಟಿರುವ ಕಡಲ ಜೀವಿಗಳ ಬಗೆಗಳು ಎರಡು ಲಕ್ಷಕ್ಕೂ ಹೆಚ್ಚು. ಹೆಸರಿಡದವು ಅದಕ್ಕಿಂತ ಎಷ್ಟೋ ಅಧಿಕ.

ಮುಂಗಾರು ಮತ್ತು ಕಡಲ ಫಸಲು

ಒಲೆಯ ಮೇಲಿನ ಹಂಚು ಬೇಗ ಕಾಯುತ್ತದೆ. ಹಂಡೆಯ ನೀರು ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ. ಬೇಸಿಗೆಯಲ್ಲಿ ನೆಲ ಹಂಚಿನಂತೆ ಕಾಯುವಾಗ ಕಡಲು ಹಂಡೆಯಂತೆ ತಡೆದುಕೊಳ್ಳುತ್ತದೆ. ಈ ಅಂತರವೇ ತೇವ ತುಂಬಿದ ಗಾಳಿಯನ್ನು ನಮ್ಮ ಕಡೆಗೆ ಸೆಳೆಯುವ ಮುಖ್ಯ ಕಾರಣ. ಅದನ್ನೇ ನಾವು ಮುಂಗಾರು ಎನ್ನುತ್ತೇವೆ.

ಅದೇ ಮುಂಗಾರು ಕಡಲಲ್ಲಿಯೂ ಬಿತ್ತನೆ ಮಾಡುತ್ತದೆ ಎಂಬುದು ಬಯಲುಸೀಮೆಯ ನಮಗೆ ಹೊಸ ಸಂಗತಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಬೀಸುವ ಗಾಳಿ ಪಶ್ಚಿಮ ಕರಾವಳಿಯ ಮೇಲ್ಪದರದ ನೀರನ್ನು ದಂಡೆಯಿಂದ ಆಚೆಗೆ ಸರಿಸುತ್ತದೆ. ಅದರ ಜಾಗಕ್ಕೆ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇರುತ್ತದೆ. ಗೊಬ್ಬರ ಬಿದ್ದ ಹೊಲದಂತೆ ಕಡಲು ಹಸುರಾಗುತ್ತದೆ. ಆ ಹಸುರು ಸಸ್ಯಪ್ಲವಕಗಳೆಂಬ ಸೂಕ್ಷ್ಮ ಸಸ್ಯಗಳದು. ಭೂಮಿಯ ಮೇಲೆ ಬಿಸಿಲಿನಿಂದ ಆಹಾರ ತಯಾರಾಗುವ ಕಾರ್ಯದಲ್ಲಿ ಸುಮಾರು ಅರ್ಧಭಾಗ ಇವುಗಳಿಂದಲೇ ನಡೆಯುತ್ತದೆ. ಕರಾವಳಿಯವರು ಬೂತಾಯಿ ಎನ್ನುವ ಸಣ್ಣ ಮೀನು ಇವನ್ನು ತಿಂದು ಬೆಳೆಯುತ್ತದೆ; ಅದನ್ನು ತಿಂದು ದೊಡ್ಡ ಮೀನು, ಹಕ್ಕಿ, ಡಾಲ್ಫಿನ್‌ಗಳು ಬದುಕುತ್ತವೆ. ಈ ಕಾಲ ಮೀನುಗಳ ಸಂತಾನೋತ್ಪತ್ತಿಗೂ ಸಂಬಂಧಿಸಿದ್ದರಿಂದ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನು ನಿಲ್ಲಿಸಲಾಗುತ್ತದೆ.

ಮಳೆ ಕೈಕೊಟ್ಟರೆ ನಮ್ಮ ಜೋಳದ ಹೊಲ ಬರಡಾಗುವಂತೆ, ನೀರಿನ ಹದ ತಪ್ಪಿದರೆ ಕಡಲ ಫಸಲೂ ಕೈಕೊಡುತ್ತದೆ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 4 ಸಾವಿರ ಟನ್ನಿಗೂ ಕಡಿಮೆಯಾಯಿತು. ಮುಂದಿನ ವರ್ಷಗಳಲ್ಲಿ ಅದು ಮತ್ತೆ ಚೇತರಿಸಿಕೊಂಡರೂ ಆ ನಡುವೆ ಬಲೆ ಬರಿದಾದ ಮನೆಗಳ ಕಷ್ಟ, ಬರಗಾಲ ಕಂಡ ನಮ್ಮ ರೈತ ಕುಟುಂಬಗಳಿಗೆ ಹೇಳದೆಯೇ ಅರ್ಥವಾಗುವಂಥದು. ಮೀನುಣ್ಣದ ನಾವೂ ಆ ಮನೆಗಳ ಒಲೆ ಉರಿಯಲೆಂದು ಹಾರೈಸಬೇಕಾದವರೇ.

ಹದ ತಪ್ಪುತ್ತಿರುವ ನೀರು

ಕಲ್ಲಿದ್ದಲು, ಪೆಟ್ರೋಲುಗಳನ್ನು ಸುಟ್ಟು ನಾವು ಗಾಳಿಗೆ ಸೇರಿಸಿದ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲುಭಾಗವನ್ನು ಕಡಲು ಹೀರಿಕೊಂಡಿದೆ. ಅದರಿಂದುಂಟಾದ ಹೆಚ್ಚುವರಿ ಶಾಖದಲ್ಲಿ ಶೇ. 90ರಷ್ಟನ್ನು ತನ್ನೊಡಲಲ್ಲಿ ಇಟ್ಟುಕೊಂಡಿದೆ. ಆ ಉಪಕಾರಕ್ಕೆ ಅದು ತೆತ್ತ ಬೆಲೆ ದೊಡ್ಡದು. ಕಡಲ ನೀರು ಇಂದಿಗೂ ಕ್ಷಾರವೇ. ಆದರೆ ಕೈಗಾರಿಕೆಗಳು ಹುಟ್ಟುವ ಮೊದಲು ಸುಮಾರು 8.2 ಇದ್ದ ಅದರ ಪಿಎಚ್ ಮಟ್ಟ ಈಗ 8.1ರ ಆಸುಪಾಸಿಗೆ ಇಳಿದಿದೆ. ಅಂಕಿ ಚಿಕ್ಕದಾಗಿ ಕಂಡರೂ ಆಮ್ಲೀಯತೆಯ ಲೆಕ್ಕದಲ್ಲಿ ಇದು ಶೇ. 30ರಷ್ಟು ಏರಿಕೆ. ಸುಣ್ಣದ ಚಿಪ್ಪು ಕಟ್ಟುವ ಜೀವಿಗಳಿಗೆ ಇದರಿಂದ ಕಟ್ಟುವ ಕೆಲಸವೇ ಕಷ್ಟವಾಗುತ್ತಿದೆ.

ಶಾಖ ಹೆಚ್ಚಿದಾಗ ಹವಳಗಳು ತಮ್ಮೊಳಗೆ ಇರುವ, ತಮಗೆ ಅನ್ನ ಕೊಡುವ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತವೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಮುರ್ಡೇಶ್ವರದ ದಂಡೆಯಿಂದ ಕಾಣುವ ನೇತ್ರಾಣಿ ನಡುಗಡ್ಡೆಯ ಸುತ್ತಲೂ ಹವಳಗಳಿವೆ. ಸಮುದ್ರತಳದ ಶೇ. 1ರಷ್ಟನ್ನೂ ಹವಳದ ದಿಬ್ಬಗಳು ಆವರಿಸಿಲ್ಲ. ಆದರೂ ಕಡಲ ಜೀವಿಗಳ ಬಗೆಗಳಲ್ಲಿ ಸುಮಾರು ಕಾಲುಭಾಗಕ್ಕೆ ಅವು ಆಶ್ರಯ.

ಇಷ್ಟು ದೂರದ ಕಡಲಿಗೂ ನಮಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಮಲಪ್ರಭೆ, ಘಟಪ್ರಭೆ, ತುಂಗಭದ್ರೆಗಳು ಕೃಷ್ಣೆಯನ್ನು ಸೇರುತ್ತವೆ. ಕೃಷ್ಣೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನಮ್ಮೂರ ಹಳ್ಳಕ್ಕೆ ಎಸೆದ ಪ್ಲಾಸ್ಟಿಕ್ ಚೀಲ ಒಂದಲ್ಲ ಒಂದು ಮಳೆಗೆ ಅದೇ ದಾರಿ ಹಿಡಿಯುತ್ತದೆ. ಹೊಲಕ್ಕೆ ಬೇಕಾದುದಕ್ಕಿಂತ ಹೆಚ್ಚು ಸುರಿದ ರಾಸಾಯನಿಕ ಗೊಬ್ಬರವೂ ಅಲ್ಲಿಗೇ ಹೋಗುತ್ತದೆ. ಅಲ್ಲಿ ಪಾಚಿ ಅತಿಯಾಗಿ ಬೆಳೆದು, ಕೊಳೆತು, ನೀರಿನ ಆಮ್ಲಜನಕವನ್ನು ನುಂಗುತ್ತದೆ. ಜಾತ್ರೆ ಉತ್ಸವಗಳ ಅನಂತರ ನದಿಯ ದಂಡೆಯನ್ನು ಶುಚಿಗೊಳಿಸುವುದು, ಮಣ್ಣು ಪರೀಕ್ಷಿಸಿ ಗೊಬ್ಬರ ಹಾಕುವುದು, ಪೇಟೆಗೆ ಹೋಗುವಾಗ ಬಟ್ಟೆಯ ಚೀಲ ಒಯ್ಯುವುದು ನಮ್ಮಿಂದಾಗದ ಕೆಲಸಗಳಲ್ಲ. ಕಡಲನ್ನು ಕಾಯುವ ಕೆಲಸ ನಮ್ಮೂರ ಹಳ್ಳದ ದಂಡೆಯಿಂದಲೇ ಆರಂಭವಾಗುತ್ತದೆ.

ಈ ಬೇಸಿಗೆಯ ರಜೆಯಲ್ಲಿ ಮೊಮ್ಮಗಳು ಮತ್ತೆ ಬಂದಾಗ ಉಪ್ಪಿನಕಾಯಿಯ ಭರಣಿಯನ್ನು ತೋರಿಸಿ ಮೀನಿನ ಬಾಳನ್ನು ವಿವರಿಸಿದೆವು. ಎಲ್ಲವನ್ನೂ ಕೇಳಿಸಿಕೊಂಡು, "ಹಂಗಾದರ ಅಜ್ಜಾ, ನಾವು ನೀರು ಕೆಡಿಸಿದರ ಅವು ಎಲ್ಲಿಗೆ ಹೋಗಬೇಕು?" ಎಂದಳು. ಇದಕ್ಕೆ ಮಾತ್ರ ಅಜ್ಜನೊಬ್ಬನೇ ಉತ್ತರ ಹೇಳಿದರೆ ಸಾಲದು. ಪ್ರತಿಯೊಂದು ಮನೆಯವರೂ ತಮ್ಮ ನಡೆಯಿಂದಲೇ ಉತ್ತರಿಸಬೇಕಾಗಿದೆ.